ಆಳುವವನೇ ಆಳು



ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ಸಂತ ಫ್ರಾನ್ಸಿಸರ ಹಬ್ಬದವರೆಗೆ ಸೃಷ್ಟಿಗಾಗಿ ವಿಶೇಷವಾಗಿ ಪ್ರಾರ್ಥಿಸುವ ಕಾಲ. ಅದಕ್ಕಾಗಿ ನಮ್ಮ ಯುವಜನರ ಕೂಟದಲ್ಲಿ ಒಂದು ಭಾನುವಾರ ಬಲಿಪೂಜೆಯ ನಂತರ ಆದಿಕಾಂಡದ ಮೊದಲ ಅಧ್ಯಾಯವನ್ನು ಓದಿದೆವು. ಓದು ಮುಗಿಯಿತು. ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿದೆ. ಸಾಮಾನ್ಯವಾಗಿ ಈ ಹೊತ್ತಿನಲ್ಲಿ ಎಲ್ಲರೂ ಬಾಗಿಲ ಕಡೆ ನೋಡುತ್ತಾರೆ. ಅಂದು ಹನ್ನೆರಡನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತ.

"ಅಕ್ಕಾ, ಪ್ರಾಣಿಗಳ ಮೇಲೆ ಅಧಿಕಾರ ದೇವರೇ ಕೊಟ್ಟಿದ್ದು ಅಂತ ಇದ್ರಲ್ಲೇ ಇದೆ. ಹಾಗಾದ್ರೆ ನಮ್ಮ ಹಸೂನ ಹುಲಿ ತಿಂದ್ರೆ ನಾವ್ಯಾಕೆ ಸುಮ್ನಿರ್ಬೇಕು? ಆ ಹೆಣಕ್ಕೆ ಔಷಧಿ ಹಾಕಿದ್ರೆ ಅದು ಪಾಪ ಹೇಗಾಗುತ್ತೆ?"

ಕೆಲವರು ನಕ್ಕರು. ಅವನು ನಗಲಿಲ್ಲ. ಹಿಂದಿನ ವಾರವಷ್ಟೇ ಅವರ ಮನೆಯ ಹಸುವನ್ನು ಕಾಡಿನಂಚಿನಲ್ಲಿ ಹುಲಿ ಹಿಡಿದಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ನಾನು ಆಗ ಪರಿಸರ, ಕಾನೂನು, ಆಹಾರ ಸರಪಳಿ ಎಂದೆಲ್ಲ ಐದು ನಿಮಿಷ ಹೇಳಿದೆ. ಬಿ.ಎಸ್ಸಿ. ಓದಿದವರಿಗೆ ಇಂಥ ಉತ್ತರ ಬೇಗ ಬಾಯಿಗೆ ಬರುತ್ತದೆ. ಅವನು ತಲೆ ಅಲ್ಲಾಡಿಸಿ ಕೂತ. ಒಪ್ಪಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಅವನು ಕೇಳಿದ್ದು ಕಾನೂನಿನ ಪ್ರಶ್ನೆಯಲ್ಲ, ದೇವರ ವಾಕ್ಯದ ಪ್ರಶ್ನೆ. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯಲು ಪ್ರಯತ್ನಿಸುತ್ತೇನೆ.

ಎರಡು ಕಥೆಗಳು

ಆದಿಕಾಂಡದ ಆರಂಭದಲ್ಲಿ ಸೃಷ್ಟಿಯ ಕಥೆ ಒಂದಲ್ಲ, ಎರಡು. ನಾವು ಚಿಕ್ಕಂದಿನಿಂದ ಎರಡನ್ನೂ ಬೆರೆಸಿ ಕೇಳಿರುವುದರಿಂದ ಇದು ನಮ್ಮ ಗಮನಕ್ಕೆ ಬರುವುದಿಲ್ಲ.

ಮೊದಲನೆಯದು ಪಾಸ್ಖ ಜಾಗರಣೆಯ ರಾತ್ರಿ ಮೊದಲ ವಾಚನವಾಗಿ ನಾವು ಕೇಳುವ ಏಳು ದಿನಗಳ ಕಥೆ. ದೇವರು ಮಾತಾಡುತ್ತಾರೆ, ಆಗುತ್ತದೆ. ಬೆಳಕು, ಆಕಾಶ, ನೆಲ, ಗಿಡಮರ, ಸೂರ್ಯ ಚಂದ್ರ, ಮೀನು ಹಕ್ಕಿ, ಮೃಗಗಳು, ಕೊನೆಗೆ ಮನುಷ್ಯ. ಒಂದು ಮೆರವಣಿಗೆಯಂತೆ ಎಲ್ಲವೂ ಕ್ರಮವಾಗಿ ಬರುತ್ತವೆ. ಎರಡನೆಯದು ಎರಡನೇ ಅಧ್ಯಾಯದ 4ನೇ ವಚನದ ನಡುವಿನಿಂದ ಶುರುವಾಗುತ್ತದೆ. ಇಲ್ಲಿ ದೇವರು ಕುಂಬಾರನಂತೆ ಮಣ್ಣು ಕಲಸುತ್ತಾರೆ, ಮನುಷ್ಯನನ್ನು ಮಾಡಿ ಮೂಗಿನಲ್ಲಿ ಉಸಿರೂದುತ್ತಾರೆ, ತೋಟ ಹಾಕುತ್ತಾರೆ. ಇಲ್ಲಿ ಮನುಷ್ಯ ಮೊದಲು, ಪ್ರಾಣಿಗಳು ಆಮೇಲೆ. ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲವೆಂದು ದೇವರು ಪ್ರಾಣಿಗಳನ್ನು ಅವನ ಮುಂದೆ ತರುತ್ತಾರೆ. ಅವನು ಒಂದೊಂದಕ್ಕೂ ಹೆಸರಿಡುತ್ತಾನೆ.

ಕ್ರಮವೇ ಬೇರೆ ಬೇರೆಯಾಗಿರುವಾಗ ಇವು ವಿಜ್ಞಾನದ ವರದಿಗಳಲ್ಲ ಎಂಬುದು ಸ್ಪಷ್ಟ. ಮೊದಲ ಕಥೆಯಲ್ಲಿ ಬೆಳಕು ಮೊದಲ ದಿನ ಬರುತ್ತದೆ, ಸೂರ್ಯ ಬರುವುದು ನಾಲ್ಕನೆಯ ದಿನ. ಬರೆದವರಿಗೂ ಹಗಲು ಸೂರ್ಯನಿಂದಲೇ ಆಗುತ್ತದೆಂದು ಗೊತ್ತಿತ್ತಲ್ಲವೇ? ಕ್ರೈಸ್ತರು ಈ ಪುಟಗಳನ್ನು ಇಟ್ಟುಕೊಂಡು ಪ್ರಕೃತಿಯ ವಿಷಯ ಬಲ್ಲವರ ಮುಂದೆ ಅಸಂಬದ್ಧವಾಗಿ ಮಾತಾಡಬಾರದೆಂದು ಸಂತ ಅಗಸ್ಟೀನರು ಐದನೇ ಶತಮಾನದ ಆರಂಭದಲ್ಲೇ ಎಚ್ಚರಿಸಿದ್ದರು. ವಿಶ್ವ ಒಂದು ಆದಿ ಬಿಂದುವಿನಿಂದ ಹಿಗ್ಗುತ್ತ ಬಂತೆಂಬ ವಿಚಾರವನ್ನು 1931ರಲ್ಲಿ ಮುಂದಿಟ್ಟವರು ಬೆಲ್ಜಿಯಂನ ಕಥೋಲಿಕ ಗುರು ಜಾರ್ಜ್ ಲೆಮೆತ್ರ್. ಜೀವವಿಕಾಸವು ಬರೀ ಊಹೆಯಾಗಿ ಉಳಿದಿಲ್ಲವೆಂದು ಜಗದ್ಗುರು ಎರಡನೆಯ ಜಾನ್ ಪಾಲ್ 1996ರಲ್ಲಿ ಒಪ್ಪಿಕೊಂಡರು. ಕಾಲೇಜಿನಲ್ಲಿ ನನ್ನನ್ನು ಬಹಳ ಕಾಡಿದ ಈ ಜಗಳ ನಿಜಕ್ಕೂ ಜಗಳವೇ ಅಲ್ಲ. ಹೇಗಾಯಿತು ಎಂದು ವಿಜ್ಞಾನ ಕೇಳುತ್ತದೆ. ಇದೆಲ್ಲ ಯಾರದ್ದು, ಇದರ ನಡುವೆ ನಾನು ಯಾರು ಎಂದು ಆದಿಕಾಂಡ ಕೇಳುತ್ತದೆ. ನಮ್ಮ ಹುಡುಗ ಕೇಳಿದ್ದೂ ಅದನ್ನೇ.

ಬಾಬಿಲೋನಿಯದ ಕಥೆ

ಇಸ್ರಯೇಲರ ನೆರೆಹೊರೆಯಲ್ಲೂ ಸೃಷ್ಟಿಕಥೆಗಳಿದ್ದವು. ಅವುಗಳಲ್ಲಿ ಹೆಸರಾದದ್ದು ಬಾಬಿಲೋನಿಯದ 'ಎನುಮಾ ಎಲಿಶ್'. ಮಣ್ಣಿನ ಏಳು ಹಲಗೆಗಳ ಮೇಲೆ ಬರೆದಿದ್ದ ಈ ಕಾವ್ಯ ನೆಲದಡಿ ಹೂತುಹೋಗಿ ಹತ್ತೊಂಬತ್ತನೇ ಶತಮಾನದಲ್ಲಿ ಮತ್ತೆ ಸಿಕ್ಕಿತು. ಇಂಗ್ಲೆಂಡಿನ ಜಾರ್ಜ್ ಸ್ಮಿತ್ 1876ರಲ್ಲಿ ಇದನ್ನು ಅನುವಾದಿಸಿ ಪ್ರಕಟಿಸಿದಾಗ ಬೈಬಲ್ ಓದುವವರೆಲ್ಲ ಬೆರಗಾದರು. ಅದರಲ್ಲಿ ಮರ್ದುಕ್ ದೇವನು ತಿಯಾಮತ್ ಎಂಬ ಕಡಲ ದೇವತೆಯನ್ನು ಕೊಂದು ಅವಳ ಒಡಲನ್ನು ಸೀಳಿ ಭೂಮಿ ಆಕಾಶ ಮಾಡುತ್ತಾನೆ. ಸೋತ ದೇವರೊಬ್ಬನ ರಕ್ತದಿಂದ ಮನುಷ್ಯರನ್ನು ಮಾಡುತ್ತಾರೆ. ಏಕೆ? ದೇವತೆಗಳಿಗೆ ದುಡಿಮೆಯಿಂದ ಬಿಡುವು ಸಿಗಲೆಂದು. ಆ ನಾಡುಗಳಲ್ಲಿ ದೇವರ ಪ್ರತಿರೂಪ ಎಂಬ ಬಿರುದು ಅರಸನಿಗೆ ಸೇರಿದ್ದು. ಉಳಿದವರು ಬಿಟ್ಟಿ ದುಡಿಯುವವರು.

ಇದರ ಪಕ್ಕದಲ್ಲಿ ಆದಿಕಾಂಡವನ್ನು ಇಟ್ಟು ನೋಡಿ. ಇಲ್ಲಿ ಕಾಳಗವಿಲ್ಲ, ಕೊಲೆಯಿಲ್ಲ. ದೇವರ ಪ್ರತಿರೂಪ ಒಬ್ಬ ಅರಸನಲ್ಲ, ಗಂಡು ಹೆಣ್ಣೆನ್ನದೆ ಎಲ್ಲ ಮನುಷ್ಯರು. ದಿನಗೂಲಿಗೆ ಹೋಗುವ ನಮ್ಮ ತಾಯಂದಿರೂ ದೇವರ ಪ್ರತಿರೂಪವೇ. ಈ ಮಾತು ಕೇಳಿ ಎದೆಯುಬ್ಬಿಸಿದ ಮನುಷ್ಯನಿಗೆ ಅದೇ ಅಧ್ಯಾಯ ಇನ್ನೂ ಕೆಲವು ವಿಷಯಗಳನ್ನು ಹೇಳುತ್ತದೆ. ಅವುಗಳನ್ನು ನಾವು ಗಮನಿಸದೆ ದಾಟುತ್ತೇವೆ.

ಮನುಷ್ಯನಿಗೆಂದೇ ಒಂದು ದಿನ ಮೀಸಲಿಲ್ಲ. ಆರನೆಯ ದಿನವನ್ನು ಅವನು ದನಕರು ಮತ್ತು ಕಾಡುಮೃಗಗಳ ಜೊತೆ ಹಂಚಿಕೊಳ್ಳುತ್ತಾನೆ. ಹುಲಿ, ಹಸು, ಹಸುವಿನ ಒಡೆಯ, ಮೂವರೂ ಒಂದೇ ದಿನದ ಮಕ್ಕಳು. ವೃದ್ಧಿಯಾಗಿರಿ ಎಂಬ ಆಶೀರ್ವಾದ ನಮಗಿಂತ ಮೊದಲು ಮೀನು ಮತ್ತು ಹಕ್ಕಿಗಳಿಗೆ ಸಿಕ್ಕಿದೆ. ಬೆಳಕು, ನೆಲ, ಗಿಡ, ಪ್ರಾಣಿ ಒಂದೊಂದೂ ಒಳ್ಳೆಯದೆಂದು ದೇವರು ಕಂಡರು. ಬಹಳ ಒಳ್ಳೆಯದೆಂದು ಅವರು ಕಂಡದ್ದು ಮನುಷ್ಯನನ್ನು ಮಾತ್ರ ಅಲ್ಲ, ತಾವು ಮಾಡಿದ ಎಲ್ಲವನ್ನೂ ಒಟ್ಟಾಗಿ ನೋಡಿದಾಗ. ಇನ್ನೊಂದು ಮಾತಿದೆ. ಆಳುವ ಅಧಿಕಾರ ಕೊಟ್ಟ ಮರುಕ್ಷಣವೇ ದೇವರು ಮನುಷ್ಯನ ಊಟ ಯಾವುದೆಂದು ಹೇಳುತ್ತಾರೆ. ಅದು ಕಾಳು ಮತ್ತು ಹಣ್ಣು. ಮಾಂಸ ತಿನ್ನುವ ಅಪ್ಪಣೆ ಬರುವುದು ಒಂಬತ್ತನೇ ಅಧ್ಯಾಯದಲ್ಲಿ, ಜಲಪ್ರಳಯದ ನಂತರ. ಎಂದರೆ ಮೊದಲ ಅಧ್ಯಾಯದ 'ಆಳುವಿಕೆ'ಯೊಳಗೆ ಕೊಲ್ಲುವುದೇ ಸೇರಿಲ್ಲ.

ಒಂದು ಮಾತು, ಎರಡು ಅರ್ಥ

ಇಲ್ಲಿ ನಮ್ಮ ಭಾಷೆ ನಮಗೆ ಸಹಾಯಕ್ಕೆ ಬರುತ್ತದೆ. ಕನ್ನಡದಲ್ಲಿ 'ಆಳು' ಎಂದರೇನು? ರಾಜ್ಯ ಆಳು ಎಂದರೆ ಒಡೆತನ ಮಾಡು. ತೋಟಕ್ಕೆ ಆಳು ಬೇಕು ಎಂದರೆ ದುಡಿಯುವವನು ಬೇಕು. ಒಂದೇ ಮಾತು, ದೊರೆಯ ಕೆಲಸಕ್ಕೂ ಅದೇ, ಕೂಲಿಯವನಿಗೂ ಅದೇ. ನಮ್ಮ ಧರ್ಮಕೇಂದ್ರದ ತಮಿಳು ಮತ್ತು ಮಲಯಾಳಂ ಮಾತಾಡುವ ಸಹೋದರರನ್ನು ಕೇಳಿ ನೋಡಿ, ಅವರಲ್ಲೂ ಆಳುವುದು ಮತ್ತು ಆಳು ಎರಡೂ ಇವೆ. ಯಾವ ಭಾಷೆಯಲ್ಲಿ ಪ್ರಾರ್ಥಿಸಿದರೂ ಈ ಮಾತು ನಮ್ಮೆಲ್ಲರದು.

ಆದಿಕಾಂಡದ ಎರಡು ಕಥೆಗಳು ಈ ಎರಡು ಅರ್ಥಗಳಂತಿವೆ. ಮೊದಲ ಕಥೆಯ ಹೀಬ್ರೂ ಮಾತು 'ರಾದಾ', ಎಂದರೆ ಆಳುವುದು. ಎರಡನೇ ಕಥೆಯಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಎರಡು ಕೆಲಸಗಳಿಗಾಗಿ. ಒಂದು 'ಆಬದ್', ಇನ್ನೊಂದು 'ಶಾಮರ್'. ಆಬದ್ ಎಂದರೆ ಉಳುವುದು, ದುಡಿಯುವುದು, ಸೇವೆ ಮಾಡುವುದು. ದೇವಾಲಯದ ಸೇವೆಗೂ ಅದೇ ಮಾತು. ಶಾಮರ್ ಎಂದರೆ ಕಾಯುವುದು. ಮನುಷ್ಯನ ಹೆಸರು 'ಆದಾಮ್', ಅವನನ್ನು ಮಾಡಿದ ಮಣ್ಣು 'ಆದಾಮಾ'. ಮಣ್ಣಿನವನನ್ನು ಮಣ್ಣಿನ ಸೇವೆಗೆ ಇಟ್ಟರು. ಮೊದಲ ಪುಟದಲ್ಲಿ ಆಳುವವನು, ಪುಟ ತಿರುಗಿಸಿದರೆ ಆಳು. ಎರಡನ್ನೂ ಒಟ್ಟಿಗೆ ಓದಬೇಕೆಂದೇ ಎರಡೂ ಕಥೆಗಳನ್ನು ಅಕ್ಕಪಕ್ಕದಲ್ಲಿ ಉಳಿಸಿಕೊಂಡಿದ್ದಾರೆ.

'ಆಳುವುದು ಎಂದರೆ ಆಳುವುದೇ ಅಲ್ವಾ ಅಕ್ಕಾ' ಎಂದು ಯಾರಾದರೂ ಹೇಳಬಹುದು. ಹಾಗಿದ್ದರೆ ಪ್ರವಾದಿ ಯೆಜೆಕಿಯೇಲರ 34ನೇ ಅಧ್ಯಾಯ ನೋಡೋಣ. ಕುರಿಗಳನ್ನು ಕಾಯದೆ ತಾವೇ ಮೇದ ಕುರುಬರನ್ನು ದೇವರು ಅಲ್ಲಿ ಗದರುತ್ತಾರೆ. ನೀವು ಬಲಹೀನವಾದುದಕ್ಕೆ ಬಲ ಕೊಡಲಿಲ್ಲ, ಗಾಯವಾದುದನ್ನು ಕಟ್ಟಲಿಲ್ಲ, ಕ್ರೌರ್ಯದಿಂದ ಆಳಿದಿರಿ ಎಂಬುದು ಅಲ್ಲಿನ ಆರೋಪ. ಅಲ್ಲಿಯೂ ಮೂಲದ ಮಾತು 'ರಾದಾ'. ಎಂದರೆ ದಬ್ಬಾಳಿಕೆಯಿಂದ ಆಳುವುದು ಕೊಟ್ಟ ಅಧಿಕಾರದ ದುರುಪಯೋಗ. ನಮ್ಮ ಪ್ರಭು ಶಿಷ್ಯರ ಕಾಲು ತೊಳೆದಾಗ ಈ ವಿಚಾರಕ್ಕೆ ಕೊನೆಯ ಮುದ್ರೆ ಬಿತ್ತು. ಒಡೆಯನೇ ಆಳಾದ.

ಕ್ರೈಸ್ತರು ಇದನ್ನು ಯಾವಾಗಲೂ ಹೀಗೆಯೇ ಓದಿದರೆಂದು ಹೇಳಲಾರೆ. ಪ್ರಕೃತಿಯ ಮೇಲಿನ ದಬ್ಬಾಳಿಕೆಗೆ ಬೈಬಲಿನ ಈ ವಚನವೇ ಒಂದು ಕಾರಣವೆಂದು ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ದೂರಿದರು. ಅವರೇ ಸಂತ ಫ್ರಾನ್ಸಿಸರನ್ನು ಪರಿಸರದ ಪಾಲಕ ಸಂತರೆಂದು ಕರೆಯಬೇಕೆಂದೂ ಸೂಚಿಸಿದರು. 1979ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಹಾಗೆಯೇ ಘೋಷಿಸಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು 'ಲೌದಾತೊ ಸೀ' ಪತ್ರದಲ್ಲಿ, ಕ್ರೈಸ್ತರು ಈ ವಾಕ್ಯಗಳನ್ನು ಕೆಲವೊಮ್ಮೆ ತಪ್ಪಾಗಿ ಅರ್ಥಮಾಡಿಕೊಂಡರೆಂದು ನೇರವಾಗಿ ಒಪ್ಪಿ, ಉಳುವ ಮತ್ತು ಕಾಯುವ ಎರಡನೇ ಅಧ್ಯಾಯದ ಜೊತೆಗೇ ಅವುಗಳನ್ನು ಓದಬೇಕೆಂದರು.

ಸಾಹಿತ್ಯದಲ್ಲಿ ಏದೆನ್ ತೋಟ

ಆದಿಕಾಂಡದ ಈ ಎರಡು ಅಧ್ಯಾಯಗಳನ್ನು ಲೋಕದ ಸಾಹಿತಿಗಳು ಮತ್ತೆ ಮತ್ತೆ ಬರೆದಿದ್ದಾರೆ. ಕಣ್ಣು ಕಳೆದುಕೊಂಡ ಮಿಲ್ಟನ್ ಇತರರ ಕೈಯಲ್ಲಿ ಬರೆಸಿ 1667ರಲ್ಲಿ ಪ್ರಕಟಿಸಿದ 'ಪ್ಯಾರಡೈಸ್ ಲಾಸ್ಟ್' ಅವುಗಳಲ್ಲಿ ದೊಡ್ಡದು. ಅದರಲ್ಲಿ ಹವ್ವಳು ಹಣ್ಣು ತಿಂದಾಗ ಭೂಮಿಯೇ ಗಾಯಗೊಂಡಂತೆ ನರಳುತ್ತದೆ. ತಪ್ಪು ಮನುಷ್ಯನದು, ಪೆಟ್ಟು ನೆಲಕ್ಕೂ ಬಿತ್ತು. ಆ ಮಿಲ್ಟನನಿಗೆ ನಮ್ಮ ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನ ಆರಂಭದಲ್ಲಿ ಇತರ ಮಹಾಕವಿಗಳ ಜೊತೆ ನಮಸ್ಕರಿಸಿದ್ದಾರೆ.

1818ರಲ್ಲಿ ಇಂಗ್ಲೆಂಡಿನ ಮೇರಿ ಶೆಲ್ಲಿ ಬರೆದ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯನ್ನು ನಾವು ದೆವ್ವದ ಸಿನಿಮಾದಂತೆ ಭಾವಿಸುತ್ತೇವೆ. ಅದೂ ಸೃಷ್ಟಿಯ ಕಥೆಯೇ. ಒಬ್ಬ ವಿದ್ಯಾವಂತ ಯುವಕ ಜೀವವನ್ನು ಸೃಷ್ಟಿಸುತ್ತಾನೆ, ಅದರ ರೂಪ ನೋಡಿ ಹೆದರಿ ಓಡಿಹೋಗುತ್ತಾನೆ. ಆ ಜೀವಿ ಕಾಡಿನಲ್ಲಿ ಅಲೆದು, ಮಿಲ್ಟನನ ಕಾವ್ಯವನ್ನೇ ಓದಿ, ನಾನು ನಿನ್ನ ಆದಾಮನಾಗಬೇಕಿತ್ತಲ್ಲವೇ ಎಂದು ತನ್ನನ್ನು ಮಾಡಿದವನನ್ನು ಕೇಳುತ್ತದೆ. ಅವನ ತಪ್ಪು ಸೃಷ್ಟಿಸಿದ್ದರಲ್ಲಿ ಮಾತ್ರ ಇಲ್ಲ, ಸೃಷ್ಟಿಸಿ ಕೈಬಿಟ್ಟದ್ದರಲ್ಲಿ ಇದೆ. ಆದಿಕಾಂಡದ ದೇವರು ಹಾಗಲ್ಲ. ತಪ್ಪು ಮಾಡಿ ಅಡಗಿದ ಆದಾಮನನ್ನು ಎಲ್ಲಿರುವೆ ಎಂದು ಹುಡುಕಿಕೊಂಡು ಬರುತ್ತಾರೆ. ಹೊರಗೆ ಕಳುಹಿಸುವಾಗಲೂ ಚರ್ಮದ ಬಟ್ಟೆ ತೊಡಿಸಿ ಕಳುಹಿಸುತ್ತಾರೆ.

ನಮ್ಮ ಕನ್ನಡದ್ದೇ ಉದಾಹರಣೆ ಬೇಕೆಂದರೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಇದೆ. 1980ರ ಈ ಕಾದಂಬರಿ ನನಗೆ ಬಹಳ ಇಷ್ಟ. ಕರ್ವಾಲೊ ಎಂಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ ಮತ್ತು ಅವರ ಜೊತೆಗಾರರು ಪಶ್ಚಿಮ ಘಟ್ಟದ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೋಗುತ್ತಾರೆ. ಊರವರು ದಡ್ಡನೆಂದು ತಿಳಿದ ಮಂದಣ್ಣನಲ್ಲಿ ಕರ್ವಾಲೊ ಹುಟ್ಟು ವಿಜ್ಞಾನಿಯನ್ನು ಕಾಣುತ್ತಾರೆ. ಕೊನೆಗೆ ಆ ಓತಿ ಕಣ್ಣಿಗೆ ಬೀಳುತ್ತದೆ, ಆದರೆ ಕೈಗೆ ಸಿಗುವುದಿಲ್ಲ. ಕಣಿವೆಯೊಳಗೆ ತೇಲಿ ಮರೆಯಾಗುತ್ತದೆ. ತೇಜಸ್ವಿಯವರು ಬೈಬಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರೆಂದು ನಾನು ಹೇಳುತ್ತಿಲ್ಲ. ಆದರೆ ಪ್ರಾಣಿಗಳಿಗೆ ಹೆಸರಿಟ್ಟ ಆದಾಮನ ಕೆಲಸ ಇದೇ ಅಲ್ಲವೇ? ತಿಳಿಯುವುದು, ಹೆಸರು ಹಿಡಿದು ಗುರುತಿಸುವುದು, ಆದರೆ ಮುಷ್ಟಿಯಲ್ಲಿ ಹಿಡಿದಿಟ್ಟುಕೊಳ್ಳದಿರುವುದು.

ಹುಡುಗನ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು ನಾವೆಲ್ಲ ಶಾಲೆಯಲ್ಲಿ ಕಲಿತ ಗೋವಿನ ಹಾಡು. ಕಾಳಿಂಗನೆಂಬ ಗೊಲ್ಲ ಹಸುಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ಪುಣ್ಯಕೋಟಿ ಕರುವಿಗೆ ಹಾಲುಣಿಸಿ ಬರುತ್ತೇನೆಂದು ಹುಲಿಗೆ ಮಾತು ಕೊಟ್ಟು, ಮಾತಿನಂತೆ ಮರಳಿ ಬರುತ್ತಾಳೆ. ಹುಲಿ ನಾಚಿ ಪ್ರಾಣ ಬಿಡುತ್ತದೆ. ತೋಳ ಕುರಿಮರಿ ಒಟ್ಟಿಗಿರುವ ದಿನವನ್ನು ಪ್ರವಾದಿ ಯೆಶಾಯರು ಕಂಡ ಹಾಗೆ, ಇದು ಕನ್ನಡಿಗರು ಕಂಡ ಏದೆನ್ ತೋಟ.

ನಮ್ಮ ಮೋಯಾರಿನ ಹುಲಿ ನಾಚುವುದಿಲ್ಲ. ಅದಕ್ಕೆ ನಾಚಿಕೆ ಗೊತ್ತಿಲ್ಲ, ಹಸಿವು ಗೊತ್ತು. ಹಸು ತಿಂದ ಹುಲಿ ಪಾಪ ಮಾಡಿಲ್ಲ. ಏದೆನ್ ತೋಟದಲ್ಲಿ ಇದನ್ನು ತಿನ್ನಬೇಡ ಎಂಬ ಆಜ್ಞೆ ಬಂದದ್ದು ಮನುಷ್ಯನೊಬ್ಬನಿಗೆ. ಬೇರೆ ಯಾವ ಪ್ರಾಣಿಗೂ ಆಜ್ಞೆ ಇಲ್ಲ. ಆಜ್ಞೆ ಇರುವವನಿಗೇ ಪಾಪ, ಆಜ್ಞೆ ಇರುವವನಿಗೇ ಪುಣ್ಯ. ದೇವರ ಪ್ರತಿರೂಪ ಎಂಬ ದೊಡ್ಡಸ್ತಿಕೆಯ ಜೊತೆ ಬಂದ ಹೊರೆ ಇದು. ಹುಲಿ ಮಾಡಿದ್ದನ್ನು ನಾನೂ ಮಾಡುತ್ತೇನೆ ಎಂದರೆ ಆಳುವ ಸ್ಥಾನದಿಂದ ನಾನೇ ಇಳಿದಂತೆ.

ಹದ್ದಿನ ಲೆಕ್ಕ

ವಿಷ ಹಾಕಿದವನು ಹುಲಿಗೆಂದೇ ಹಾಕುತ್ತಾನೆ. 2023ರ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ಎಮರಾಲ್ಡ್ ಬಳಿ ವಿಷ ಹಾಕಿದ ದನದ ಹೆಣ ತಿಂದು ಎರಡು ಹುಲಿಗಳು ಸತ್ತದ್ದು ನಿಮಗೆ ನೆನಪಿರಬಹುದು. ಆದರೆ ವಿಷ ವಿಳಾಸ ನೋಡಿ ಹೋಗುವುದಿಲ್ಲ. ಹೆಣಕ್ಕೆ ನಾಯಿ ಬರುತ್ತದೆ, ಹಂದಿ ಬರುತ್ತದೆ. ಮೇಲಿನಿಂದ ರಣಹದ್ದು ಬರುತ್ತದೆ.

ಮೋಯಾರ್ ಕಣಿವೆ ದಕ್ಷಿಣ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳು ಇನ್ನೂ ಗೂಡು ಕಟ್ಟುವ ಕೆಲವೇ ಜಾಗಗಳಲ್ಲಿ ಮುಖ್ಯವಾದದ್ದು. ಹೊಳೆಯ ದಂಡೆಯ ಎತ್ತರದ ಮತ್ತಿ ಮರಗಳೇ ಅವುಗಳ ಮನೆ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಒಂದು ಕಾಲದಲ್ಲಿ ದೇಶದ ಎಲ್ಲ ಊರುಗಳ ಹೊರಗೂ ಕಾಣುತ್ತಿದ್ದ ಈ ಹಕ್ಕಿ 1992ರಿಂದ 2007ರೊಳಗೆ ಭಾರತದಲ್ಲಿ ಶೇಕಡಾ 99.9ರಷ್ಟು ಇಲ್ಲವಾಯಿತು. ಸಾವಿರ ಇದ್ದಲ್ಲಿ ಒಂದು ಉಳಿಯಿತು ಎಂದು ಲೆಕ್ಕ.

ಕಾರಣವೇನು? ಯಾರೂ ಅವುಗಳನ್ನು ಬೇಟೆಯಾಡಲಿಲ್ಲ. ದನಗಳ ನೋವು, ಬಾವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ. ಅದನ್ನು ಚುಚ್ಚಿಸಿಕೊಂಡ ದನ ಸತ್ತರೆ, ಆ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ. ಇದು ಗೊತ್ತಾದದ್ದು 2004ರಲ್ಲಿ. 2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ಸರ್ಕಾರ ನಿಷೇಧಿಸಿತು. ಹದ್ದುಗಳಿಗೆ ಅಪಾಯಕಾರಿಯಾದ ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್ ಔಷಧಿಗಳನ್ನೂ 2023ರಲ್ಲಿ ದನಗಳಿಗೆ ನಿಷೇಧಿಸಲಾಯಿತು. ದನದ ಮೇಲಿನ ಕರುಣೆಯಿಂದಲೇ ಕೊಟ್ಟ ಮದ್ದು ಇದು. ಕರುಣೆಗೂ ತಿಳಿವಳಿಕೆ ಬೇಕೆಂಬ ಪಾಠ ಇಲ್ಲಿದೆ. ಇನ್ನು ಸಿಟ್ಟಿನಿಂದ ಹಾಕಿದ ವಿಷದ ಕಥೆ ಕೇಳಬೇಕೇ? ಹದ್ದುಗಳು ಹಿಂಡಾಗಿ ಉಣ್ಣುವ ಹಕ್ಕಿಗಳು. ಒಂದು ಹೆಣದಿಂದ ಒಂದು ಹಿಂಡೇ ಹೋಗಬಹುದು.

ಹದ್ದು ಯಾರಿಗೆ ಬೇಕು ಎನ್ನಬಹುದು. ಚೆಲುವಿಲ್ಲ, ಹಾಡಿಲ್ಲ, ಹೆಣ ತಿನ್ನುತ್ತದೆ. ಯಾಜಕಕಾಂಡದ 11ನೇ ಅಧ್ಯಾಯವೂ ಅದನ್ನು ತಿನ್ನಬಾರದ ಹಕ್ಕಿಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಯೋಬನ ಗ್ರಂಥದ 38ರಿಂದ 41ರವರೆಗಿನ ಅಧ್ಯಾಯಗಳನ್ನು ಓದಿ. ಬೈಬಲಿನೊಳಗೇ ಇರುವ ಇನ್ನೊಂದು ಸೃಷ್ಟಿಕಾವ್ಯ ಅದು. ನೊಂದು ಪ್ರಶ್ನೆ ಕೇಳಿದ ಯೋಬನಿಗೆ ದೇವರು ಸಿಂಹ, ಕಾಡುಮೇಕೆ, ಕಾಡುಕತ್ತೆಗಳನ್ನು ತೋರಿಸುತ್ತಾರೆ. ಹೆಚ್ಚಾಗಿ ಮನುಷ್ಯನಿಗೆ ಉಪಯೋಗಕ್ಕೆ ಬಾರದ, ಮನುಷ್ಯನ ಮಾತು ಕೇಳದ ಪ್ರಾಣಿಗಳನ್ನೇ ಆರಿಸಿ ತೋರಿಸುತ್ತಾರೆ. 39ನೇ ಅಧ್ಯಾಯದ ಕೊನೆಗೆ ಬಂಡೆಯ ತುದಿಯಲ್ಲಿ ಗೂಡು ಕಟ್ಟಿ, ಹೆಣವಿದ್ದಲ್ಲಿ ಬಂದಿಳಿಯುವ ಹಕ್ಕಿ ಬರುತ್ತದೆ. ಅಲ್ಲಿರುವ ಹೀಬ್ರೂ ಹೆಸರು ಗರುಡನಿಗೂ ರಣಹದ್ದಿಗೂ ಸಲ್ಲುತ್ತದೆ. ಅದು ಯಾರ ಅಪ್ಪಣೆಯಿಂದ ಹಾರುತ್ತದೆ, ನಿನ್ನದೋ ಎಂದು ದೇವರು ಕೇಳುತ್ತಾರೆ. ಯೋಬನ ಬಳಿ ಉತ್ತರವಿಲ್ಲ. ನಮ್ಮ ಬಳಿಯೂ ಇಲ್ಲ.

ಮಸಿನಗುಡಿಯಲ್ಲಿ ಕಂಡ ಇಬ್ಬರು

2021ರ ಜನವರಿಯಲ್ಲಿ ನಮ್ಮ ಮಸಿನಗುಡಿಯಲ್ಲಿ ನಡೆದದ್ದು ದೇಶಕ್ಕೆಲ್ಲ ಗೊತ್ತು. ರಾತ್ರಿ ಕಟ್ಟಡದ ಬಳಿ ಬಂದ ಕಾಡಾನೆಯ ಮೇಲೆ ಯಾರೋ ಉರಿಯುವ ವಸ್ತು ಎಸೆದರು. ಕಿವಿಗೆ ಬೆಂಕಿ ಹತ್ತಿ ಅದು ಓಡುವ ವಿಡಿಯೊ ಆಮೇಲೆ ಹೊರಬಂತು. ಗಾಯಗೊಂಡ ಆನೆಯನ್ನು ಚಿಕಿತ್ಸೆಗೆಂದು ತೆಪ್ಪಕಾಡಿಗೆ ಸಾಗಿಸುವಾಗ, ಜನವರಿ 19ರಂದು, ಅದು ಸತ್ತಿತು. ಆ ವಾರ ಇನ್ನೊಂದು ವಿಡಿಯೊವನ್ನೂ ಜನ ನೋಡಿದರು. ಆನೆಯ ಸೊಂಡಿಲನ್ನು ಸವರುತ್ತ ಅರಣ್ಯ ಸಿಬ್ಬಂದಿಯೊಬ್ಬರು ಮಕ್ಕಳಂತೆ ಅಳುತ್ತಿದ್ದರು.

ಒಂದೇ ಊರು, ಒಂದೇ ಆನೆ, ಇಬ್ಬರೂ ಮನುಷ್ಯರು. ಬೆಂಕಿ ಎಸೆದ ಕೈಗೆ ಅಧಿಕಾರವಿತ್ತು ಎನ್ನಬಹುದು, ಆನೆ ಬೆದರಿ ಓಡಿತಲ್ಲ. ಸೊಂಡಿಲು ಹಿಡಿದ ಕೈಗೆ ಏನೂ ಮಾಡಲಾಗಲಿಲ್ಲ. ಇವೆರಡರಲ್ಲಿ ದೇವರ ಪ್ರತಿರೂಪ ಯಾವುದರಲ್ಲಿ ಕಂಡಿತೆಂದು ಕೇಳಿದರೆ ನಮ್ಮ ಧರ್ಮೋಪದೇಶದ ಪುಟ್ಟ ಮಕ್ಕಳೂ ಸರಿಯಾದ ಉತ್ತರ ಹೇಳುತ್ತಾರೆ.

ಕಾಯಿನನ ಪ್ರಶ್ನೆ

ಇಲ್ಲಿಗೆ ಮುಗಿಸಿದ್ದರೆ ನನ್ನ ಲೇಖನ ಚೆನ್ನಾಗಿಯೇ ಇರುತ್ತಿತ್ತು. ಆದರೆ ಮುಗಿಸಲಾರೆ. ಏಕೆಂದರೆ ಇದನ್ನು ಬರೆಯುವ ಮುಂಚೆ ನಾನು ಆ ಹುಡುಗನ ಮನೆಗೆ ಹೋದೆ. ಪ್ರಶ್ನೆ ಕೇಳಿ ಎರಡು ವಾರ ಕಳೆದಿತ್ತು.

ಅವನ ತಾಯಿ ಹೊರಗೆ ಚಾಪೆ ಹಾಕಿದರು. ಕೊಟ್ಟಿಗೆಯಲ್ಲಿ ಒಂದು ಕರು ಇತ್ತು. ಹಾಲು, ಸಗಣಿ ಎರಡರಿಂದಲೂ ಬರುತ್ತಿದ್ದ ಹಣ ನಿಂತಿತ್ತು. ನಾನು ಹದ್ದಿನ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಾವು ಔಷಧಿ ಹಾಕ್ಲಿಲ್ಲ ತಾಯಿ. ಇವರಪ್ಪ ಹಾಕ್ತೀನಿ ಅಂತಲೇ ಹೊರಟಿದ್ರು. ಪಕ್ಕದ ಮನೆಯವರ ನಾಯಿ ತಿಂದ್ರೆ ಏನ್ ಗತಿ ಅಂತ ನಾನೇ ತಡೆದೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು. "ನೀನು ಹೇಳೋದೆಲ್ಲ ಸರಿಯೇ. ಆದ್ರೆ ಹಸು ಸತ್ತಾಗ ಕೋವಿಲಿಂದ ಯಾರೂ ಬಂದು ಒಂದು ಮಾತು ಕೇಳ್ಲಿಲ್ಲ."

ನನ್ನ ಹತ್ತಿರ ಹೀಬ್ರೂ ಮಾತುಗಳಿದ್ದವು, ಶೇಕಡಾ ಲೆಕ್ಕವಿತ್ತು. ಈ ಮಾತಿಗೆ ಉತ್ತರ ಇರಲಿಲ್ಲ. ಆದಿಕಾಂಡದ ಎರಡನೇ ಅಧ್ಯಾಯವನ್ನು ಅವರು ನನಗಿಂತ ಚೆನ್ನಾಗಿ ಅರಿತಿದ್ದರು. ತಮ್ಮ ನಷ್ಟದ ನಡುವೆಯೂ ಪಕ್ಕದ ಮನೆಯ ನಾಯಿಯನ್ನು ಕಾದಿದ್ದರು.

ಮನೆಗೆ ಬಂದು ನಾಲ್ಕನೇ ಅಧ್ಯಾಯ ಓದಿದೆ. ಹೇಬೆಲನನ್ನು ಕೊಂದ ಕಾಯಿನನನ್ನು ನಿನ್ನ ತಮ್ಮ ಎಲ್ಲಿ ಎಂದು ದೇವರು ಕೇಳುತ್ತಾರೆ. ನಾನೇನು ಅವನನ್ನು ಕಾಯುವವನೋ ಎಂದು ಕಾಯಿನ ಮರುಪ್ರಶ್ನೆ ಹಾಕುತ್ತಾನೆ. ಅಲ್ಲಿ 'ಕಾಯುವವನು' ಎನ್ನುವ ಮಾತಿನ ಮೂಲ 'ಶಾಮರ್'. ತೋಟವನ್ನು ಕಾಯಲು ಆದಾಮನಿಗೆ ಹೇಳಿದ ಅದೇ ಮಾತು! ತಂದೆಗೆ ಕೊಟ್ಟ ಕೆಲಸವನ್ನು ಮಗ ನನ್ನದಲ್ಲ ಎನ್ನುತ್ತಾನೆ. ತೋಟ ಕಾಯುವುದು ಮತ್ತು ತಮ್ಮನನ್ನು ಕಾಯುವುದು ಎರಡು ಕೆಲಸಗಳಲ್ಲ, ಒಂದೇ. ತಮ್ಮನ ರಕ್ತ ಬಿದ್ದಾಗ ಕೂಗಿಕೊಂಡದ್ದೂ ಮಣ್ಣಿನಿಂದಲೇ.

ಹಸು ಕಳೆದುಕೊಂಡವರಿಗೆ ಹುಲಿ, ಹದ್ದುಗಳ ಮಹತ್ವ ಹೇಳಿ, ಅವರ ನಷ್ಟವನ್ನು ಅವರೇ ಹೊರಲಿ ಎಂದು ಸುಮ್ಮನಿರುವುದು ಕಾಯಿನನ ಉತ್ತರವೇ. ಕಾಡಿನ ಬಗ್ಗೆ ದೂರದ ಊರಿನವರು ಮರುಗುವುದು ಸುಲಭ. 2021ರಲ್ಲಿ ಎಂ.ಡಿ.ಟಿ. 23 ಎಂಬ ಹುಲಿಯನ್ನು ಕೊಲ್ಲದೆ ಜೀವಂತ ಹಿಡಿದಾಗ ಎಲ್ಲರೂ ಮೆಚ್ಚಿದರು. ನಾನೂ ಮೆಚ್ಚಿದೆ. ಆದರೆ ಅದಕ್ಕೆ ಮುಂಚೆ ಗೂಡಲೂರು, ಮಸಿನಗುಡಿ ಕಡೆ ಮನೆಯವರನ್ನು ಕಳೆದುಕೊಂಡವರ ಅಂಗಳದಲ್ಲಿ ಎಷ್ಟು ಜನ ಕೂತಿದ್ದೆವು? ಕರುಣೆಯ ಬೆಲೆಯನ್ನು ಯಾವಾಗಲೂ ಬಡವರೇ ತೆರಬೇಕೆಂದರೆ ಅದು ಕರುಣೆಯಲ್ಲ.

ಹಾಗಾದರೆ ಆ ಹುಡುಗನಿಗೆ ನನ್ನ ಉತ್ತರ ಇದು. ತಮ್ಮಾ, ಹೆಣಕ್ಕೆ ವಿಷ ಹಾಕುವುದು ಪಾಪವೇ. ದೇವರು ನಮಗೆ ಕೊಟ್ಟದ್ದು ಕಾಯುವ ಅಧಿಕಾರ, ಮುಗಿಸುವ ಅಧಿಕಾರವಲ್ಲ. ಆದರೆ ನಿನ್ನ ಮನೆಯ ನಷ್ಟವನ್ನು ಕೇಳದೆ ನಿನಗೆ ಪಾಠ ಹೇಳಿದ್ದು ನನ್ನ ಪಾಪ. ಮೊದಲನೆಯದರ ಬಗ್ಗೆ ಮಾತಾಡುವ ಹಕ್ಕು ನನಗೆ ಬರುವುದು ಎರಡನೆಯದನ್ನು ಸರಿಪಡಿಸಿಕೊಂಡ ಮೇಲೆ.

ಪೂಜ್ಯ ಗುರುಗಳ ಮತ್ತು ಪಾಲನಾ ಮಂಡಳಿಯ ಮುಂದೆ ಯುವಜನರ ಪರವಾಗಿ ಕೆಲವು ಸಣ್ಣ ಬೇಡಿಕೆಗಳನ್ನು ಇಡುತ್ತಿದ್ದೇನೆ. ನಮ್ಮ ಯಾವ ಮನೆಯ ದನ ಸತ್ತರೂ, ಅವರು ಯಾವ ಮತದವರಾದರೂ, ಅದೇ ದಿನ ನಮ್ಮಲ್ಲಿ ಇಬ್ಬರು ಹೋಗಿ ಬರಬೇಕು. ಪರಿಹಾರಕ್ಕೆ ಬೇಕಾದ ಫೋಟೊ, ಪಶುವೈದ್ಯರ ಪತ್ರ, ಅರ್ಜಿ ಇವುಗಳನ್ನು ಮಾಡಿಕೊಡಲು ಓದಿದ ಯುವಕ ಯುವತಿಯರು ಮುಂದೆ ಬರಬೇಕು. ಪರಿಹಾರ ಕೈಸೇರುವವರೆಗೆ ಆ ಮನೆಗೆ ನೆರವಾಗಲು ತಿಂಗಳಿಗೊಮ್ಮೆ ಒಂದು ಕಾಣಿಕೆ ಎತ್ತಬಹುದು. ದನಕ್ಕೆ ನೋವಿನ ಮದ್ದು ಬೇಕಾದಾಗ ಹದ್ದಿಗೆ ಹಾನಿ ಮಾಡದ ಮೆಲಾಕ್ಸಿಕ್ಯಾಮ್ ಕೊಡಬಹುದೇ ಎಂದು ವೈದ್ಯರನ್ನು ಕೇಳಬೇಕು. ಇವೆಲ್ಲ ದೊಡ್ಡ ಕೆಲಸಗಳಲ್ಲ, ಆಳಿನ ಕೆಲಸಗಳು. ಆದರೆ ತೋಟದ ಒಡೆಯರು ನಮಗೆ ಒಪ್ಪಿಸಿರುವುದು ಅದನ್ನೇ.

ಮುಂದಿನ ಭಾನುವಾರ ಕೂಟದಲ್ಲಿ ಎರಡನೇ ಅಧ್ಯಾಯ ಓದುತ್ತೇವೆ. ಈ ಸಲ ಓದುವುದು ಅವನೇ. ಅವನ ತಾಯಿಯನ್ನೂ ಕರೆದಿದ್ದೇವೆ.

ಭೂಮ್ಯಾಕಾಶಗಳ ಸೃಷ್ಟಿಕರ್ತರಾದ ತಂದೆಯೇ, ಆಳುವ ಬುದ್ಧಿಯ ಜೊತೆ ಆಳಿನ ಮನಸ್ಸನ್ನೂ ನಮಗೆ ದಯಪಾಲಿಸಿರಿ. ನಿನ್ನ ತಮ್ಮ ಎಲ್ಲಿ ಎಂದು ನೀವು ಕೇಳುವಾಗ ಅವನ ಮನೆಯ ದಾರಿ ನಮಗೆ ಗೊತ್ತಿರಲಿ. ಆಮೆನ್.